ಕನ್ನಡದಲ್ಲಿ ಬರೆದು ಒಇಟಿ ಪಾಸಾದೆ: ಹುಬ್ಬಳ್ಳಿ ವಾರ್ಡಿನಿಂದ ಎನ್‌ಎಂಸಿ ಪಿನ್‌ವರೆಗೆ ನನ್ನ ಅನುಭವ

ಯುಕೆಯಲ್ಲಿ ನರ್ಸ್ ಆಗಲು ಅಲ್ಲಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿ ಕೊಡುವ ನೋಂದಣಿ ಸಂಖ್ಯೆ, ಅಂದರೆ ಪಿನ್, ಬೇಕು. ಅದಕ್ಕಾಗಿ ನಾನು ಬರೆಯುತ್ತಿದ್ದದ್ದು ಆಸ್ಪತ್ರೆ ಕೆಲಸದ ಇಂಗ್ಲಿಷ್ ಪರೀಕ್ಷೆ ಒಇಟಿ. ಅದನ್ನು ಮೂರನೇ ಸಲ ಕಟ್ಟುತ್ತೇನೆ ಎಂದಾಗ ನಮ್ಮ ಹಾಸ್ಟೆಲಿನಲ್ಲಿ ಯಾರೂ ನನ್ನನ್ನು ನಂಬಲಿಲ್ಲ. ನಾನು ಓದುತ್ತಿದ್ದ ರೀತಿಯನ್ನಂತೂ ಮೊದಲೇ ನಂಬಲಿಲ್ಲ. ರೈಟಿಂಗ್‌ನಲ್ಲಿ ಪೇಷೆಂಟಿನ ಕೇಸ್ ನೋಟ್ಸ್ ನೋಡಿ ಬರೆಯುವ ಪ್ರತಿ ಲೆಟರನ್ನೂ ನಾನು ಮೊದಲು ಕನ್ನಡದಲ್ಲಿ ಬರೆಯುತ್ತಿದ್ದೆ. ಸ್ಪೀಕಿಂಗ್‌ನ ಪ್ರತಿ ನರ್ಸ್-ಪೇಷೆಂಟ್ ರೋಲ್‌ಪ್ಲೇಯನ್ನೂ ಮೊದಲು ಕನ್ನಡದಲ್ಲಿ ಆಡುತ್ತಿದ್ದೆ. ಕೋಚಿಂಗ್‌ನಲ್ಲಿ ಎಲ್ಲರಿಗೂ ಹೇಳಿಕೊಡುವುದು ಇದರ ಉಲ್ಟಾ: ಇಂಗ್ಲಿಷಿನಲ್ಲೇ ಯೋಚಿಸಿ, ಕನಸೂ ಇಂಗ್ಲಿಷಿನಲ್ಲೇ ಬೀಳಲಿ. ನನಗೆ ಪಾಠ ಮಾಡಿದ ಒಬ್ಬರು ನೇರವಾಗಿಯೇ ಹೇಳಿದ್ದರು, "ಕನ್ನಡ ಬಿಡುವವರೆಗೂ ನಿನಗೆ ಬಿ ಗ್ರೇಡ್ ಬರಲ್ಲ." ಕನ್ನಡ ಬಿಡಲಿಲ್ಲ. ಗ್ರೇಡ್ ಬಂತು. ರೈಟಿಂಗ್‌ಗೆ 300 ಸಾಕಿತ್ತು, ನನಗೆ 360 ಬಂತು. ಇದನ್ನು ಖುಷಿಯಿಂದಲೇ ಹೇಳುತ್ತೇನೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಗದಗ ಕಡೆಯ ಹಳ್ಳಿ. ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ರಿಜಿಸ್ಟ್ರೇಷನ್ ಮಾಡಿಸಿಕೊಂಡು, ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿಗೆ ಸೇರಿದೆ. ಮೊದಲ ಸಂಬಳ 11,000 ರೂಪಾಯಿ. ನಾಲ್ಕು ವರ್ಷದ ನಂತರ 17,000ದ ಹತ್ತಿರ ಬಂದಿತ್ತು. ನೈಟ್ ಡ್ಯೂಟಿಯಲ್ಲಿ ಇಬ್ಬರು ಸಿಸ್ಟರ್, 30ರ ಮೇಲೆ ಪೇಷೆಂಟ್. ಈ ಲೆಕ್ಕ ನಿಮಗೆ ಗೊತ್ತೇ ಇದೆ, ಬಿಡಿಸಿ ಹೇಳಬೇಕಾಗಿಲ್ಲ.

ಯುಕೆಯ ಯೋಚನೆಗೆ ಮೊದಲು ಬೇರೆ ಎರಡು ದಾರಿ ನೋಡಿದ್ದೆ. ಒಂದು ನಾರ್ಸೆಟ್, ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆ. ಒಂದು ಸಲ ಬರೆದೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಹೋಗುತ್ತದೆ ಅಂತ ಗೊತ್ತಿದ್ದೂ ಅಂದಾಜಿನಲ್ಲಿ ಜಾಸ್ತಿ ಪ್ರಶ್ನೆ ಹೊಡೆದೆ, ಅಲ್ಲಿಗೆ ಮುಗಿಯಿತು. ಇನ್ನೊಂದು ಜರ್ಮನಿಗೆ ಹೋಗಲು ಜರ್ಮನ್ ಭಾಷೆ. ಮೊದಲ ಹಂತದ ಎ1 ಪುಸ್ತಕ ತಂದು ಮೂರು ತಿಂಗಳು ಡ್ಯೂಟಿ ಮುಗಿಸಿ ಓದಿದೆ. ಭಾಷೆ ಇಷ್ಟವಾಯಿತು. ಆದರೆ ಬಿ2 ಹಂತದವರೆಗೆ ಹೋಗಲು ಒಂದು ವರ್ಷ ಕೆಲಸ ಬಿಟ್ಟು ಕೂರಬೇಕಿತ್ತು. ಮನೆಯಲ್ಲಿ ತಂಗಿಯ ಓದು ನಡೆಯುತ್ತಿತ್ತು, ಅದು ಆಗುವ ಮಾತಾಗಿರಲಿಲ್ಲ.

ಮೊದಲ ಒಇಟಿ 2021ರ ಕೊನೆಯಲ್ಲಿ. ಕೋಚಿಂಗ್‌ಗೆ 18,000. ಪರೀಕ್ಷೆ ಫೀ 587 ಆಸ್ಟ್ರೇಲಿಯನ್ ಡಾಲರ್, ಅಂದರೆ ಆಗ 32,000ದ ಆಸುಪಾಸು. ಅದು ನನ್ನ ಎರಡು ತಿಂಗಳ ಸಂಬಳ. ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ನಿದ್ದೆಗಣ್ಣಲ್ಲೇ ಬರೆದೆ. ಲಿಸನಿಂಗ್ 370, ರೀಡಿಂಗ್ 340, ಸ್ಪೀಕಿಂಗ್ 330, ರೈಟಿಂಗ್ 280. ಎರಡನೇ ಸಲ 2022ರ ಬೇಸಿಗೆಯಲ್ಲಿ. ಲಿಸನಿಂಗ್, ರೀಡಿಂಗ್ ದಾಟಿದವು. ಸ್ಪೀಕಿಂಗ್ 340, ರೈಟಿಂಗ್ 290. ಎರಡೂ ಹತ್ತು ಹತ್ತು ಅಂಕಕ್ಕೆ ಹೋದವು. ಆ ದಿನ ರಿಸಲ್ಟ್ ನೋಡಿ ಯೂನಿಫಾರ್ಮಿನಲ್ಲೇ ಸ್ಟೋರ್ ರೂಮಿನಲ್ಲಿ ಕೂತು ಅತ್ತಿದ್ದೆ.

ಎರಡು ಸಲವೂ ನನ್ನ ತಯಾರಿ ಒಂದೇ ಥರ ಇತ್ತು. ಟೆಂಪ್ಲೇಟ್ ಬಾಯಿಪಾಠ. ಸ್ಪೀಕಿಂಗ್‌ಗೆ ಸುಮಾರು 40 ವಾಕ್ಯ ಕಲಿತಿದ್ದೆ. "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ" ಎನ್ನುವ ಅರ್ಥದ ಇಂಗ್ಲಿಷ್ ಸಾಲನ್ನು ಐದು ನಿಮಿಷದ ರೋಲ್‌ಪ್ಲೇಯಲ್ಲಿ ನಾಲ್ಕು ಸಲ ಹೇಳಿದ್ದೆ. ಎದುರಿನವರು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆಮೇಲೆ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಅಂಕ ಹೇಗೆ ಕೊಡುತ್ತಾರೆ ಅಂತ ಪೂರ್ತಿ ಓದಿದೆ. ರೈಟಿಂಗ್‌ನಲ್ಲಿ ಆರು ವಿಷಯ ನೋಡುತ್ತಾರೆ. ಭಾಷೆ ಅದರಲ್ಲಿ ಒಂದು ಮಾತ್ರ. ಲೆಟರ್ ಯಾಕೆ ಬರೆದಿದ್ದೀರಿ, ಬೇಕಾದದ್ದು ಬಂದಿದೆಯಾ, ಬೇಡದ್ದು ಬಿಟ್ಟಿದ್ದೀರಾ, ಓದುವವರಿಗೆ ತಕ್ಕಂತೆ ಇದೆಯಾ, ಜೋಡಣೆ ಸರಿ ಇದೆಯಾ, ಉಳಿದ ಐದೂ ಇಂಥವು. ಸ್ಪೀಕಿಂಗ್‌ನಲ್ಲಿಯೂ ಭಾಷೆಗೆ ನಾಲ್ಕು ಅಂಶ, ಪೇಷೆಂಟ್ ಜೊತೆ ಹೇಗೆ ನಡೆದುಕೊಳ್ಳುತ್ತೀರಿ ಎನ್ನುವುದಕ್ಕೆ ಐದು. ಅಂದರೆ ನಾನು ನಾಲ್ಕು ವರ್ಷದಿಂದ ದಿನಾ ವಾರ್ಡಿನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇವರು ಕೇಳುತ್ತಿದ್ದರು. ನಾನು ಅದನ್ನು ಮನೆಯಲ್ಲಿ ಬಿಟ್ಟು, ಬಾಡಿಗೆಗೆ ತಂದ ವಾಕ್ಯ ಹೊತ್ತುಕೊಂಡು ಹೋಗಿದ್ದೆ.

ಕನ್ನಡ ಅಲ್ಲಿಂದ ಶುರುವಾಯಿತು. ಕೇಸ್ ನೋಟ್ಸ್ ಓದಿ, ಪೆನ್ ಕೆಳಗಿಟ್ಟು, ಡ್ಯೂಟಿ ಬದಲಾಗುವಾಗ ಮುಂದಿನ ಸಿಸ್ಟರಿಗೆ ಹ್ಯಾಂಡೋವರ್ ಕೊಡುವಂತೆ ಕನ್ನಡದಲ್ಲಿ ಜೋರಾಗಿ ಹೇಳುತ್ತಿದ್ದೆ. "ಅಕ್ಕಾರ, ಈ ಅಜ್ಜ ನಾಳೆ ಮನಿಗೆ ಹೋಗ್ತಾರ, ಶುಗರ್ ಇನ್ನೂ ಏರಾಕತ್ತೈತಿ, ಇನ್ಸುಲಿನ್ ತಾವ ತೊಗೊಳ್ಳಾಕ ಬರೂದಿಲ್ಲ, ಮನ್ಯಾಗ ಒಬ್ಬರ ಇರ್ತಾರ." ಹೀಗೆ ಹೇಳಿದಾಗ ಬೇಡದ್ದು ತಾನಾಗಿಯೇ ಬಿದ್ದು ಹೋಗುತ್ತದೆ. ಹತ್ತು ವರ್ಷದ ಹಿಂದಿನ ಅಪೆಂಡಿಕ್ಸ್ ಆಪರೇಷನ್ ನನ್ನ ಬಾಯಿಗೆ ಬರಲೇ ಇಲ್ಲ. ಅದೇ ಅಪೆಂಡಿಕ್ಸನ್ನು ಮೊದಲ ಎರಡು ಪರೀಕ್ಷೆಯಲ್ಲಿ ಸುಮ್ನೆ ತುಂಬುತ್ತಿದ್ದೆ, 180 ಪದ ಆಗಬೇಕಲ್ಲ ಅಂತ. ಕನ್ನಡದಲ್ಲಿ ಹೇಳಿದ್ದನ್ನು ಹಾಗೇ ಬರೆದಿಟ್ಟು, ಅದೇ ಸಾಲಿನ ಕ್ರಮದಲ್ಲಿ ಇಂಗ್ಲಿಷಿಗೆ ತರುತ್ತಿದ್ದೆ. ಸಣ್ಣ ಸಣ್ಣ ವಾಕ್ಯ. ಮೊದಲ ವಾರ ಒಂದು ಲೆಟರಿಗೆ ಒಂದೂವರೆ ಗಂಟೆ ಹಿಡಿಯಿತು. ಸುಮಾರು 25 ಲೆಟರ್ ಆದ ಮೇಲೆ ಕನ್ನಡದ ಹೆಜ್ಜೆ ಮನಸ್ಸಿನಲ್ಲೇ ಮುಗಿಯತೊಡಗಿತು. 40 ನಿಮಿಷದಲ್ಲಿ ಐದಾರು ನಿಮಿಷ ಉಳಿಯುತ್ತಿತ್ತು. ಒಟ್ಟು 60ರ ಹತ್ತಿರ ಬರೆದಿರಬೇಕು, ಎರಡು ದಪ್ಪ ನೋಟ್‌ಬುಕ್ ತುಂಬಿದವು.

ಬರೆಯಲು ಬಿಡದೆ ಓದಲು ಮಾತ್ರ ಕೊಡುವ ಮೊದಲ ಐದು ನಿಮಿಷದಲ್ಲಿ ನಾನು ನೋಟ್ಸ್‌ನ ಯಾವ ಜಾಗದಿಂದ ಶುರು ಮಾಡಿ ಯಾವ ಕ್ರಮದಲ್ಲಿ ಓದುತ್ತೇನೆ ಎನ್ನುವುದು ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಭಾನುವಾರ ನನ್ನ ಜೊತೆ ವಿಡಿಯೋದಲ್ಲಿ ಓದುವ ಹುಡುಗಿಯರಿಗೆ ಮಾತ್ರ ಹೇಳಿದ್ದೇನೆ. ಎರಡು ಬಾರಿ ದುಡ್ಡು ಕಳೆದುಕೊಂಡು ಕಂಡುಕೊಂಡದ್ದು, ಅಷ್ಟು ನನ್ನದಾಗಿರಲಿ.

ಸ್ಪೀಕಿಂಗ್‌ಗೆ ನನ್ನ ಅಜ್ಜಿಯೇ ಪೇಷೆಂಟ್. ಫೋನಿನಲ್ಲಿ ರೋಲ್‌ಪ್ಲೇ ಕಾರ್ಡ್ ಓದಿ ಹೇಳುತ್ತಿದ್ದೆ, "ನಿನಗ ಬಿಪಿ ಗುಳಿಗಿ ನುಂಗಾಕ ಮನಸ್ಸಿಲ್ಲ ಅಂತ ತಿಳಕೋ." ಅಜ್ಜಿ ನಿಜವಾದ ಕಾರಣಗಳನ್ನೇ ಕೊಡುತ್ತಿದ್ದಳು. ಗುಳಿಗಿ ತೊಗೊಂಡ್ರ ತಲಿ ತಿರಗತೈತಿ, ರೊಕ್ಕ ಖರ್ಚು, ಪಕ್ಕದ ಮನಿಯಾಕಿ ಬಿಟ್ಟಾಳ, ಆರಾಮ ಅದಾಳ. ಅವಳಿಗೆ ಸಮಾಧಾನ ಹೇಳುವುದು ಬಹಳ ಕಷ್ಟ. ಮೊದಲು ಅವಳ ಮಾತು ಮುಗಿಯಬೇಕು. ತಲೆ ಯಾವಾಗ ತಿರುಗುತ್ತದೆ ಅಂತ ಕೇಳಬೇಕು. ಆಮೇಲೆ ಒಂದೊಂದೇ ವಿಷಯ ಹೇಳಿ, ತಿಳಿಯಿತಾ ಅಂತ ನೋಡಬೇಕು. ಅದೇ ಮಾತುಕತೆಯನ್ನು ರಾತ್ರಿ ಇಂಗ್ಲಿಷಿನಲ್ಲಿ ಗೆಳತಿಯ ಜೊತೆ ಆಡುತ್ತಿದ್ದೆ. ಮೂರನೇ ಪರೀಕ್ಷೆಯಲ್ಲಿ ಎದುರಿಗಿದ್ದವರು ಗಾಯದ ಡ್ರೆಸ್ಸಿಂಗ್ ಬೇಡ ಎನ್ನುವ ಪೇಷೆಂಟ್. ನನಗೆ ಅಜ್ಜಿಯೇ ಕಂಡಳು. ಬಾಯಿಪಾಠದ ಒಂದು ಸಾಲೂ ಬರಲಿಲ್ಲ, ಬೇಕಾಗಲೂ ಇಲ್ಲ. ಸ್ಪೀಕಿಂಗ್ 380.

ಲಿಸನಿಂಗ್‌ಗೆ ಒಂದು ಪ್ರಯೋಗ ಮಾಡಿದ್ದೆ, ಆಡಿಯೋವನ್ನು ಒಂದೂಕಾಲು ಪಟ್ಟು ವೇಗದಲ್ಲಿ ಕೇಳುವುದು. ನನಗೆ ಅದು ಕೆಲಸ ಮಾಡಲಿಲ್ಲ, ತಲೆನೋವು ಬಂತು ಅಷ್ಟೇ. ಬಸ್ಸಿನ ಗದ್ದಲದಲ್ಲಿ ಮಾಮೂಲಿ ವೇಗದಲ್ಲಿ ಕೇಳಿದ್ದು ಜಾಸ್ತಿ ಉಪಯೋಗಕ್ಕೆ ಬಂತು.

ಮುಂದಿನದು ಎನ್‌ಎಂಸಿಯ ಕಂಪ್ಯೂಟರ್ ಪರೀಕ್ಷೆ ಸಿಬಿಟಿ, ಅದು ನನಗೆ ಕಷ್ಟವಾಗಲಿಲ್ಲ. 83 ಪೌಂಡ್ ಫೀ, ಬೆಂಗಳೂರಿನಲ್ಲೇ ಸೆಂಟರ್. ಲೆಕ್ಕದ ಭಾಗ ನ್ಯೂಮರಸಿ 15 ಪ್ರಶ್ನೆ, ಅರ್ಧ ಗಂಟೆ. ಸಲೈನಿನ ಡ್ರಾಪ್ ಲೆಕ್ಕ ನಮಗೆ ಕೈಗೆ ಬಂದ ವಿದ್ಯೆ. 1,000 ಎಂಎಲ್, 8 ಗಂಟೆ, ಎಂಎಲ್‌ಗೆ 20 ಡ್ರಾಪಿನ ಸೆಟ್, ನಿಮಿಷಕ್ಕೆ 42 ಡ್ರಾಪ್. ಇದನ್ನು ಪಂಪ್ ಇಲ್ಲದ ವಾರ್ಡಿನಲ್ಲಿ ಗಡಿಯಾರ ನೋಡುತ್ತಾ ಎಷ್ಟು ಸಲ ಮಾಡಿದ್ದೇವೆ ಅಲ್ವಾ? ಮೈಕ್ರೋಗ್ರಾಂ, ಮಿಲಿಗ್ರಾಂ ಬದಲಾಯಿಸುವಲ್ಲಿ ಮಾತ್ರ ಕಾಳಜಿ ಇರಲಿ.

ಆದರೆ 100 ಪ್ರಶ್ನೆಯ ಕ್ಲಿನಿಕಲ್ ಭಾಗದಲ್ಲಿ ನಮ್ಮ ವಾರ್ಡಿನ ರೂಢಿ ಕೈಕೊಡುತ್ತದೆ. ಇಲ್ಲಿ ಕನ್ನಡದ ದಾರಿ ನಡೆಯಲಿಲ್ಲ, ಅದನ್ನೂ ಹೇಳಬೇಕು. "ಅವ್ವಗ ಹೇಳಬ್ಯಾಡ್ರಿ ಸಿಸ್ಟರ್, ನನಗ ಹೇಳ್ರಿ" ಎಂದು ಮಗ ಬರುತ್ತಾನೆ. ನಾವು ಮಗನಿಗೆ ಹೇಳುತ್ತೇವೆ, ಸಹಿಯನ್ನೂ ಅವನಿಂದಲೇ ಹಾಕಿಸುತ್ತೇವೆ. ಯುಕೆಯಲ್ಲಿ ತಿಳಿವಳಿಕೆ ಇರುವ ಪೇಷೆಂಟ್ ತಾನೇ ಒಪ್ಪಬೇಕು, ತಾನೇ ಬೇಡ ಎನ್ನಬಹುದು. ಅಲ್ಲಿನ ಕಾನೂನು ಮೆಂಟಲ್ ಕೆಪ್ಯಾಸಿಟಿ ಆಕ್ಟ್ 2005 ಮತ್ತು ನರ್ಸ್‌ಗಳ ನಡತೆಯ ನಿಯಮ ಎನ್‌ಎಂಸಿ ಕೋಡ್ ಎರಡನ್ನೂ ನಾಲ್ಕು ಸಲ ಓದಿದೆ. ನನ್ನ ವಾರ್ಡಿನಲ್ಲಿ ಅಷ್ಟು ದಿನ ಎಷ್ಟು ಅಜ್ಜಿಯರಿಗೆ ಅವರದೇ ರೋಗದ ಹೆಸರು ಹೇಳಿರಲಿಲ್ಲ ಅಂತ ಆಗ ಹೊಳೆಯಿತು. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಕಾಗದಪತ್ರದಲ್ಲಿ ಎರಡೂವರೆ ತಿಂಗಳು ಹೋಯಿತು, ಕಾರಣ ನನ್ನ ಇನಿಷಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಅಪ್ಪನ ಹೆಸರು, ಮನೆತನದ ಹೆಸರು. ಅಫಿಡವಿಟ್, ಓಡಾಟ ಸೇರಿ 6,000ದಷ್ಟು ಖರ್ಚು. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಎಲ್ಲ ಕಾರ್ಡು ಮುಂದಿಟ್ಟುಕೊಂಡು ನೋಡಿ. ಎನ್‌ಎಂಸಿ ಅರ್ಜಿಗೆ 140 ಪೌಂಡ್ ಬೇರೆ.

ಕೆಲಸ ಹುಡುಕುವಾಗ ಒಬ್ಬ ಏಜೆಂಟ್ 3 ಲಕ್ಷ ಕೇಳಿದ. "ಎಲ್ಲರೂ ಕೊಡ್ತಾರೆ, ನೀವೊಬ್ಬರೇ ಕೊಡಲ್ಲ ಅಂದರೆ ಸೀಟು ಹೋಗುತ್ತೆ" ಅಂದ. ಯುಕೆ ಸರ್ಕಾರದ ನೇಮಕಾತಿ ಕೋಡ್ ಪ್ರಕಾರ ನರ್ಸ್‌ಗಳಿಂದ ನೇಮಕಾತಿಗೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಈ ಕೋಡ್ ಪಾಲಿಸುವ ಏಜೆನ್ಸಿಗಳ ಪಟ್ಟಿಯನ್ನು ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಎಂಪ್ಲಾಯರ್ಸ್ ಎನ್ನುವ ಸಂಸ್ಥೆ ಪ್ರಕಟಿಸುತ್ತದೆ. ಅವನ ಹೆಸರು ಅದರಲ್ಲಿ ಇರಲಿಲ್ಲ. ನಾನು ಪಟ್ಟಿಯಲ್ಲಿದ್ದ ಎರಡು ಏಜೆನ್ಸಿಗೆ ಬರೆದೆ, ಜೊತೆಗೆ ನೇರವಾಗಿ ಎನ್‌ಎಚ್‌ಎಸ್ ಜಾಬ್ಸ್ ವೆಬ್‌ಸೈಟಿನಲ್ಲಿ 50ರ ಮೇಲೆ ಅರ್ಜಿ ಹಾಕಿದೆ. ನೇರ ಅರ್ಜಿಗಳಲ್ಲಿ ಒಂದೂ ಇಂಟರ್‌ವ್ಯೂವರೆಗೆ ಬರಲಿಲ್ಲ. ಏಜೆನ್ಸಿ ಮೂಲಕ ಮೂರು ಬಂದವು. ಮೊದಲ ಎರಡರಲ್ಲಿ ಬಿದ್ದೆ. ಅಲ್ಲಿನ ನರ್ಸಿಂಗ್‌ನ ಆರು ಮೌಲ್ಯ, ಅಂದರೆ 6ಸಿ ಬಗ್ಗೆ ಕೇಳಿದರೆ ಆರು ಶಬ್ದ ಒಪ್ಪಿಸಿದ್ದೆ, ಒಂದು ಉದಾಹರಣೆ ಕೊಡಲಿಲ್ಲ.

ಮೂರನೆಯದಕ್ಕೆ ನನ್ನ ವಾರ್ಡಿನ ಹತ್ತು ಘಟನೆ ಕನ್ನಡದಲ್ಲಿ ಬರೆದುಕೊಂಡೆ. ಬಿದ್ದ ಪೇಷೆಂಟ್, ತಪ್ಪಿದ ಡೋಸನ್ನು ನಾನೇ ಹೋಗಿ ಒಪ್ಪಿಕೊಂಡದ್ದು, ಜ್ವರ ಎಂದುಕೊಂಡಿದ್ದು ಸೆಪ್ಸಿಸ್ ಆಗಿದ್ದು. ಪ್ರತಿಯೊಂದನ್ನೂ ಎರಡು ನಿಮಿಷದ ಇಂಗ್ಲಿಷಿಗೆ ತಂದೆ. ತಪ್ಪಿದ ಡೋಸಿನ ಕಥೆ ಹೇಳಿದಾಗ ಆ ಕಡೆ ಕೂತಿದ್ದ ಮೇಟ್ರನ್ ಬರೆಯುವುದನ್ನು ನಿಲ್ಲಿಸಿ ಕೇಳಿದರು. 2023ರ ಫೆಬ್ರವರಿಯಲ್ಲಿ ಆಫರ್ ಬಂತು. 2024ರಿಂದ ಹೊರದೇಶದವರನ್ನು ತೆಗೆದುಕೊಳ್ಳುವುದು ತುಂಬಾ ಕಡಿಮೆಯಾಗಿದೆ. ಈಗ ಹೊರಡುವವರು ಆಫರ್ ಕೈಗೆ ಬರುವ ತನಕ ಇರುವ ಕೆಲಸ ಬಿಡಬೇಡಿ.

ಯುಕೆಗೆ ಹೋದ ಮೇಲೆ ಕೊಡುವ ಎನ್‌ಎಂಸಿಯ ಪ್ರಾಯೋಗಿಕ ಪರೀಕ್ಷೆ ಆಸ್ಕಿ. ಅದರ ತಯಾರಿಯನ್ನು ನಾನು ಹುಬ್ಬಳ್ಳಿಯಲ್ಲೇ ಶುರು ಮಾಡಿದ್ದೆ. ಹಾಸ್ಟೆಲಿನ ದಿಂಬು ಸಿಪಿಆರ್‌ಗೆ, ಮೂಸಂಬಿ ಐಎಂ ಇಂಜೆಕ್ಷನ್‌ಗೆ, ರೊಟ್ಟಿ ತಟ್ಟೆ ಡ್ರೆಸ್ಸಿಂಗ್ ಟ್ರೇ. ಫೋನ್ ನಿಲ್ಲಿಸಿ ವಿಡಿಯೋ ಮಾಡಿಕೊಳ್ಳುತ್ತಿದ್ದೆ. ಕೈ ಚಳಕದಲ್ಲಿ ನಾನು ಚೆನ್ನಾಗಿಯೇ ಇದ್ದೆ. ಆದರೂ ಮೊದಲ ಸಲ ಎರಡು ಸ್ಟೇಷನ್‌ನಲ್ಲಿ ಬಿದ್ದೆ. ಒಟ್ಟು ಹತ್ತು ಸ್ಟೇಷನ್ ಇರುತ್ತವೆ, ಒಂದೊಂದರಲ್ಲಿ ಒಂದು ಕೆಲಸ ಮಾಡಿ ತೋರಿಸಬೇಕು. ಔಷಧಿ ಕೊಡುವ ಸ್ಟೇಷನ್‌ನಲ್ಲಿ ಅಲರ್ಜಿ ಕಾಲಂ ಕಣ್ಣಿನಲ್ಲಿ ಓದಿದೆ, ಬಾಯಿ ಬಿಟ್ಟು ಪೇಷೆಂಟನ್ನು ಕೇಳಲಿಲ್ಲ. ನಮ್ಮ ವಾರ್ಡಿನಲ್ಲಿ ನಾವು ಕೆಲಸ ಮಾಡುವಾಗ ಮಾತಾಡುವುದಿಲ್ಲ, ಸರಸರ ಮುಗಿಸುತ್ತೇವೆ. ಪರೀಕ್ಷಕರು ಕೇಳಿಸಿಕೊಂಡದ್ದಕ್ಕೆ, ಕಂಡದ್ದಕ್ಕೆ ಮಾತ್ರ ಅಂಕ ಕೊಡಬಲ್ಲರು. ಎರಡನೆಯದು ಕ್ಯಾಥೆಟರಿನಿಂದ ಮೂತ್ರದ ಸ್ಯಾಂಪಲ್, ಅದನ್ನು ತೆಗೆಯುವ ಪೋರ್ಟ್ ಒರೆಸಿ ಒಣಗಲು ಬಿಡಲಿಲ್ಲ.

ಪೂರ್ತಿ ಪರೀಕ್ಷೆ 794 ಪೌಂಡ್, ಅದನ್ನು ಆಸ್ಪತ್ರೆ ಕಟ್ಟಿತ್ತು. ಮತ್ತೆ ಕಟ್ಟಿದ 397 ನನ್ನದೇ ಸಂಬಳದಿಂದ. ಮೂರು ವಾರ ನಾನು ಮಾಡುವ ಪ್ರತಿಯೊಂದನ್ನೂ ಬಾಯಲ್ಲಿ ಹೇಳುತ್ತಾ ಬದುಕಿದೆ. ಚಹಾ ಮಾಡುವಾಗಲೂ, "ಈಗ ಕೈ ತೊಳೆಯುತ್ತಿದ್ದೇನೆ, ಈಗ ದಿನಾಂಕ ನೋಡುತ್ತಿದ್ದೇನೆ." ಜೊತೆಯ ಕೇರಳದ ಹುಡುಗಿ ಮೊದಲು ನನ್ನನ್ನೇ ನೋಡುತ್ತಿದ್ದಳು, ಎರಡನೇ ವಾರ ಅವಳೂ ಮಲಯಾಳಂನಲ್ಲಿ ಶುರು ಮಾಡಿದಳು. ಇಬ್ಬರೂ ಸೆಪ್ಟೆಂಬರ್‌ನಲ್ಲಿ ಪಾಸಾದೆವು.

ನೋಂದಣಿಗೆ 153 ಪೌಂಡ್ ಕಟ್ಟಿದ ಕೆಲವೇ ದಿನಕ್ಕೆ ಪಿನ್ ಬಂತು. ಪಿನ್ ಬರುವವರೆಗೆ ಸಂಬಳದ ದರ್ಜೆ ಬ್ಯಾಂಡ್ 3, ವರ್ಷಕ್ಕೆ 22,816 ಪೌಂಡ್. ಬಂದ ಮೇಲೆ ಬ್ಯಾಂಡ್ 5, ಆಗ 28,407. ನನ್ನ ಕೈಯಿಂದ ಹೋದದ್ದು ಮೂರು ಒಇಟಿ, ಕೋಚಿಂಗ್, ಓಡಾಟ, ಎಲ್ಲ ಸೇರಿ 2 ಲಕ್ಷದ ಆಸುಪಾಸು. ಅವ್ವನ ಸರ ಊರಿನ ಸೊಸೈಟಿಯಲ್ಲಿ 80,000ಕ್ಕೆ ಇಟ್ಟಿದ್ದೆ. ಡಿಸೆಂಬರ್‌ನಲ್ಲಿ ತಂಗಿಯ ಖಾತೆಗೆ ದುಡ್ಡು ಹಾಕಿದೆ. ಅವಳು ಅದೇ ಸಂಜೆ ಬಿಡಿಸಿಕೊಂಡು ಬಂದು, ಅವ್ವನ ಕೊರಳಿಗೆ ಹಾಕಿ, ಫೋಟೋ ಕಳಿಸಿದಳು. ನಾನು ಆಗ ಲಾಂಗ್ ಡೇ ಡ್ಯೂಟಿಯ ಬ್ರೇಕಿನಲ್ಲಿದ್ದೆ.