ನಾಲಿಗೆ ಹೆರೆಯುವುದು ಹೇಗೆ? ತುದಿಯಲ್ಲ, ಬುಡ ನೋಡಿ

ಲೋಕಲ್ ರೈಲು ತಪ್ಪಿಹೋಗುತ್ತದೆ ಎಂಬ ಅವಸರದಲ್ಲಿ ಹಲ್ಲುಜ್ಜಿ, ನಾಲಿಗೆಯ ತುದಿಯನ್ನು ಎರಡು ಸಲ ಪರಪರ ಕೆರೆದು ಓಡುವವರೇ ನಮ್ಮ ಮುಂಬಯಿಯಲ್ಲಿ ಜಾಸ್ತಿ. ಮಾಟುಂಗಾದಿಂದ ಡೊಂಬಿವಲಿವರೆಗೆ ನೆಂಟರ ಮನೆಗಳಲ್ಲೆಲ್ಲ ನಾನು ನೋಡಿದ್ದು ಇದನ್ನೇ. ತುದಿಯಲ್ಲಿ ಕೊಳೆ ಕಡಿಮೆ. ಉಣ್ಣುವಾಗ, ಮಾತಾಡುವಾಗ ಹಲ್ಲಿಗೂ ಅಂಗುಳಕ್ಕೂ ಉಜ್ಜಿಕೊಂಡು ಅದು ತಾನೇ ಶುಚಿಯಾಗುತ್ತದೆ. ಬಿಳಿ ಪದರ ಕೂರುವುದು ಹಿಂದೆ, ಬುಡದ ಕಡೆ. ಗಾಳಿಯಾಡದ ಆ ಸಂದುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಗಂಧಕದ ಅನಿಲ ಬಿಡುತ್ತದೆ. ಬಾಯಿ ವಾಸನೆ ಹೆಚ್ಚಾಗಿ ಬರುವುದು ಅಲ್ಲಿಂದಲೇ.

ಟಂಗ್ ಕ್ಲೀನರ್: ಎರಡು ಕೈಯಲ್ಲಿ ಹಿಡಿಯುವ, ಬಿಲ್ಲಿನಂತೆ ಬಾಗಿದ ತಾಮ್ರದ್ದೇ ಕೊಳ್ಳಿ. ಸ್ಟೀಲಿನದೂ ನಡೆಯುತ್ತದೆ. ಚರಕ ಸಂಹಿತೆ ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆ ಐದನ್ನೂ ಹೇಳುತ್ತದೆ. ಆದರೆ ಬಾಗಿರಬೇಕು, ಹರಿತ ಇರಬಾರದು ಎನ್ನುತ್ತದೆ. ಪಾಯಧುನಿಯ ತಾಮ್ರ-ಹಿತ್ತಾಳೆ ಪಾತ್ರೆಗಳ ಬಜಾರು ತಾಂಬಾ ಕಾಂಟಾ ಕಡೆ ಹೋದರೆ ದಪ್ಪ ತಗಡಿನದು ಕೇಳಿ. ಅಂಚನ್ನು ಮುಂಗೈ ಮೇಲೆ ಎಳೆದು ನೋಡಿ, ಗೀರಿದರೆ ಬೇಡ. ಫುಟ್‌ಪಾತಿನ ತೆಳು ತಗಡು ನಾಲ್ಕು ದಿನದಲ್ಲಿ ಸೊಟ್ಟಗಾಗುತ್ತದೆ. ಬ್ರಶ್ ಹಿಂದಿನ ರಬ್ಬರ್ ಗೀರುಗಳನ್ನು ನಂಬಬೇಡಿ, ಅವು ಪದರವನ್ನು ಎತ್ತುವುದಕ್ಕಿಂತ ಸವರುವುದೇ ಜಾಸ್ತಿ. ಊರಲ್ಲಿ ತೆಂಗಿನ ಗರಿಯ ಕಡ್ಡಿ ಸೀಳಿ ಹೆರೆಯುತ್ತಿದ್ದರಲ್ವಾ, ಇದಕ್ಕಿಂತ ಅದೇ ಎಷ್ಟೋ ಮೇಲು.

ಹೊತ್ತು: ಹಲ್ಲುಜ್ಜಿದ ಮೇಲೆ, ಚಹಾಕ್ಕೆ ಮೊದಲು, ಖಾಲಿ ಹೊಟ್ಟೆಯಲ್ಲಿ.

ಹೆರೆಯುವುದು: ಎಲ್ಲರೂ ಎಡವುವುದು ಇಲ್ಲೇ. ಕನ್ನಡಿ ಮುಂದೆ ನಿಂತು ನಾಲಿಗೆ ಪೂರ್ತಿ ಹೊರಚಾಚಿ. ಒಳಗೆ ಮುದುರಿಕೊಂಡ ನಾಲಿಗೆಯ ಬುಡ ಸಿಗುವುದಿಲ್ಲ. ಕ್ಲೀನರನ್ನು ಒದ್ದೆ ಮಾಡಿ. ಬಾಯಿಂದ ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ, ಆ ಉಸಿರು ಮುಗಿಯುವುದರೊಳಗೆ ಹಿಂದಿಟ್ಟು ಮುಂದಕ್ಕೆ ಎಳೆಯಿರಿ. ಹೀಗೆ ಮಾಡಿದರೆ ವಾಕರಿಕೆ ಬಹಳ ಕಡಿಮೆ. ಆದರೂ ಬಂದರೆ ಹಟ ಮಾಡಬೇಡಿ. ಮೊದಲ ವಾರ ನಡುಭಾಗದಿಂದ ಶುರುಮಾಡಿ, ದಿನಾ ಚೂರು ಚೂರೇ ಹಿಂದೆ ಹೋಗಿ. ಗಂಟಲು ತಾನೇ ಒಗ್ಗಿಕೊಳ್ಳುತ್ತದೆ. ಎಳೆತ ಯಾವಾಗಲೂ ಹಿಂದಿನಿಂದ ಮುಂದಕ್ಕೆ, ಒಂದೇ ದಿಕ್ಕು. ಹಿಂದೆ ಮುಂದೆ ಗರಗಸ ಆಡಿಸಿದರೆ ಎತ್ತಿದ ಕೊಳೆ ಮತ್ತೆ ಅಲ್ಲೇ ಮೆತ್ತುತ್ತದೆ. ಪ್ರತಿ ಎಳೆತಕ್ಕೂ ಕ್ಲೀನರ್ ತೊಳೆಯಿರಿ. ಐದಾರು ಎಳೆತ ಸಾಕು.

ಒತ್ತಡ ಹಗುರ ಇರಲಿ. ರಕ್ತ ಬಂದರೆ ಚೆನ್ನಾಗಿ ಶುಚಿಯಾಯಿತು ಎಂದಲ್ಲ, ಗಾಯ ಆಯಿತು ಎಂದರ್ಥ. ನಾಲಿಗೆ ಮೇಲಿನ ಸಣ್ಣ ಗುಳ್ಳೆಗಳಲ್ಲೇ ರುಚಿ ಮೊಗ್ಗುಗಳಿವೆ, ಅವನ್ನು ಕೆರೆದು ನೋಯಿಸಬೇಡಿ. ನಾಲಿಗೆ ಬೆಳ್ಳಗಿಲ್ಲದ ದಿನ ಎರಡು ಎಳೆತಕ್ಕೆ ನಿಲ್ಲಿಸಿ.

ಆಮೇಲೆ: ಬಾಯಿ ಮುಕ್ಕಳಿಸಿ. ಕ್ಲೀನರ್ ತೊಳೆದು ಒರೆಸಿಡಿ, ಮಳೆಗಾಲದಲ್ಲಂತೂ ಒದ್ದೆಯಾಗಿ ಬಿಡಲೇಬೇಡಿ. ತಾಮ್ರ ಕಪ್ಪಾದರೆ ಹುಣಸೆಹಣ್ಣು ಹಾಕಿ ಉಜ್ಜಿ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇಕೇ ಬೇಕು.

ಮೌತ್‌ವಾಶ್ ಇದೆಯಲ್ಲ ಎಂದು ಹೆರೆಯುವುದನ್ನು ಬಿಡುವವರಿದ್ದಾರೆ. ಅದು ಸ್ವಲ್ಪ ಹೊತ್ತು ವಾಸನೆ ಮುಚ್ಚಬಹುದು, ಪದರ ಅಲ್ಲೇ ಇರುತ್ತದೆ. ಹೆರೆದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ದಂತ ವೈದ್ಯರಿಗೆ ತೋರಿಸಿ. ತಂಬಾಕು, ಗುಟ್ಕಾ ಹಾಕುವವರು ಇದನ್ನು ಒಂದು ದಿನವೂ ಮುಂದೂಡಬೇಡಿ.