ಮನೆಯ ಸೌನಾದಲ್ಲಿ ಅಕ್ಕಿ ಮೂಟೆ ಇಡಬೇಡಿ

ಫಿನ್‌ಲ್ಯಾಂಡಿಗೆ ಹೊಸದಾಗಿ ಬಂದ ನಮ್ಮವರ ಮನೆಗೆ ಹೋದಾಗ ಎಷ್ಟೋ ಸಲ ಇದನ್ನು ನೋಡಿದ್ದೇನೆ. ಬಚ್ಚಲಿಗೆ ಅಂಟಿಕೊಂಡೇ ಚೆಂದದ ಸೌನಾ, ಅಂದರೆ ಒಲೆಯ ಮೇಲೆ ಕಲ್ಲು ಕಾಯಿಸಿ ಕೂತು ಬೆವರುವ ಮರದ ಕೋಣೆ, ಇರುತ್ತದೆ, ಬಾಗಿಲು ತೆಗೆದರೆ ಒಳಗೆ ಅಕ್ಕಿ ಮೂಟೆ, ಸೂಟ್‌ಕೇಸು, ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ. ಮೊದಲ ಚಳಿಗಾಲದಲ್ಲಿ ನಾನೂ ಹೀಗೇ ಮಾಡಿದ್ದೆ. ದಯವಿಟ್ಟು ಬೇಡ. ಗೊತ್ತಿಲ್ಲದೆ ಮಗು ಒಲೆಯ ಟೈಮರ್ ತಿರುಗಿಸಿದರೂ ಸಾಕು, ಅಷ್ಟೂ ಹೊತ್ತಿಕೊಳ್ಳುತ್ತದೆ. ಬಳಸುವುದೇ ಇಲ್ಲ ಅಂದರೆ ಕೊನೇಪಕ್ಷ ಅದರ ಫ್ಯೂಸ್ ಆಫ್ ಮಾಡಿಡಿ.

ಆದರೆ ಬಳಸಿ. ಸುಮಾರು 56 ಲಕ್ಷ ಜನರ ಈ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆ. 2020ರಲ್ಲಿ ಯುನೆಸ್ಕೋ ಕೂಡ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಇವರಿಗೆ ಸೌನಾ ಅಂದರೆ ಶನಿವಾರ, ನಮ್ಮ ಕಡೆ ಗಂಡಸರ ಎಣ್ಣೆಸ್ನಾನದ ಹಾಗೆ. ಹಿಂದೆ ಹೆರಿಗೆಯೂ ಸೌನಾದಲ್ಲೇ ಆಗುತ್ತಿತ್ತು. ಇವರಿಗೆ ಅದು ಪವಿತ್ರ ಜಾಗ, ಅದಕ್ಕೇ ಒಳಗೆ ಯಾರೂ ಕೂಗಾಡುವುದಿಲ್ಲ.

ಎಣ್ಣೆಸ್ನಾನ ಅಂದೆ ಅಂತ ಎಣ್ಣೆ ಹಚ್ಚಿಕೊಂಡು ಒಳಗೆ ಹೋಗಬೇಡಿ. ಮರ ಎಣ್ಣೆ ಕುಡಿದರೆ ಆ ಕಲೆ ಹೋಗುವುದಿಲ್ಲ. ಮೊದಲು ಸೋಪು ಹಚ್ಚಿ ಮೈ ತೊಳೆದುಕೊಳ್ಳಿ. ಸರ, ಬಳೆ, ಓಲೆ, ಕನ್ನಡಕ ಎಲ್ಲ ತೆಗೆದಿಡಿ, ಲೋಹ ಕಾದರೆ ಚರ್ಮ ಸುಡುತ್ತದೆ. ಕೂರುವ ಹಲಗೆಗಳು ಮೆಟ್ಟಿಲಿನ ಹಾಗಿರುತ್ತವೆ, ಕರಿಮಣಿ ತೆಗೆಯಲು ಮನಸ್ಸಿಲ್ಲದವರು ಕೆಳಗಿನ ಮೆಟ್ಟಿಲಲ್ಲೇ ಕುಳಿತರೆ ವಾಸಿ. ಕೂರುವ ಜಾಗಕ್ಕೆ ಒಂದು ಟವಲ್ ಹಾಸಿ, ಇದು ಬೆವರಿನಿಂದ ಮರವನ್ನೂ ಬಿಸಿಯಿಂದ ನಿಮ್ಮನ್ನೂ ಕಾಪಾಡುತ್ತದೆ.

ಬಟ್ಟೆಯ ವಿಷಯ ಎಲ್ಲರೂ ಕೇಳುತ್ತಾರೆ, ಕೇಳಲು ನಾಚಿಕೆ ಬೇಡ. ಮನೆಯಲ್ಲಿ ನಿಮ್ಮಿಷ್ಟ. ಈಜುಕೊಳದ ಸೌನಾಗಳಲ್ಲಿ ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ, ಅಲ್ಲಿ ಸಾಮಾನ್ಯವಾಗಿ ಈಜುಡುಗೆ ಹಾಕಿಕೊಂಡು ಒಳಗೆ ಬಿಡುವುದಿಲ್ಲ. ಎಲ್ಲರೂ ಒಟ್ಟಿಗೆ ಕೂರುವ ಕಡೆ, ಉದಾಹರಣೆಗೆ ಹೆಲ್ಸಿಂಕಿಯ ಕಡಲ ದಂಡೆಯ ಲೊಯ್ಲು ಸೌನಾದಲ್ಲಿ, ಈಜುಡುಗೆ ಬೇಕೇ ಬೇಕು.

ಕರೆಂಟಿನ ಒಲೆ ಕಾಯಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. 70–80 ಡಿಗ್ರಿ ಹೊಸಬರಿಗೆ ಧಾರಾಳ. ಬಿಸಿ ಮೇಲಕ್ಕೇರುವುದರಿಂದ ಮಕ್ಕಳು, ಹೊಸಬರು ಕೆಳಗೆ ಕೂರಲಿ. ಇನ್ನು ಸೌನಾದ ಜೀವ ಇರುವುದು ಲೊಯ್ಲುವಿನಲ್ಲಿ. ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ಹಬೆಗೇ ಇವರು ಹಾಗೆನ್ನುತ್ತಾರೆ, ಮೇಲೆ ಹೇಳಿದ ಜಾಗಕ್ಕೂ ಹೆಸರು ಬಂದದ್ದು ಅದರಿಂದಲೇ. ಒಂದು ಸಲಕ್ಕೆ ಅರ್ಧ ಸೌಟು, ನಿಧಾನವಾಗಿ, ಕಲ್ಲು ಚೆನ್ನಾಗಿ ಕಾದ ಮೇಲೆ ಮಾತ್ರ. ಕೈ ಒಲೆಯ ನೇರ ಮೇಲಿರಬಾರದು. ಹಬೆ ಒಂದು ಕ್ಷಣ ತಡೆದು ಮೇಲಿನಿಂದ ಬಂದು ಹೆಗಲ ಮೇಲೆ ಕೂರುತ್ತದೆ, ಆ ಕ್ಷಣಕ್ಕಾಗಿಯೇ ಇಷ್ಟೆಲ್ಲ! ಪಕ್ಕದಲ್ಲಿ ಯಾರಾದರೂ ಇದ್ದರೆ ಹಾಕಲಾ ಅಂತ ಕೇಳಿ ಹಾಕಿ. ನಲ್ಲಿ ನೀರೇ ಸಾಕು. ಉಪ್ಪುನೀರು ಹಾಕಿದರೆ ಒಲೆ ತುಕ್ಕು ಹಿಡಿಯುತ್ತದೆ. ನೀಲಗಿರಿ ಎಣ್ಣೆಯಂಥದ್ದನ್ನು ನೇರವಾಗಿ ಕಲ್ಲಿಗೆ ಸುರಿದರೆ ಬೆಂಕಿ ಏಳಬಹುದು, ಆ ಕೆಲಸ ಮಾಡಲೇಬೇಡಿ.

ಮೊದಮೊದಲು ಐದರಿಂದ ಹತ್ತು ನಿಮಿಷ, ಆಮೇಲೆ ಹೊರಗೆ ಬಂದು ತಣ್ಣಗಾಗಿ, ಬೇಕಾದರೆ ಮತ್ತೆ ಹೋಗಿ. ತಲೆ ಸುತ್ತಿದರೆ ತಕ್ಷಣ ಎದ್ದು ಬನ್ನಿ, ಇದು ಪಂದ್ಯ ಅಲ್ಲ. ಕುಡಿದು ಹೋಗಬೇಡಿ. ಹೃದಯದ ತೊಂದರೆ ಇರುವವರು, ಬಸುರಿಯರು ಮೊದಲು ಡಾಕ್ಟರನ್ನು ಕೇಳಿ. ಮುಗಿದ ಮೇಲೆ ನೀರು ಜಾಸ್ತಿ ಕುಡಿಯಿರಿ. ನಾನಂತೂ ಅಂಗಡಿಯಲ್ಲಿ ಸಿಗುವ ಪೀಮಾ ಎಂಬ ಹುಳಿ ಹಾಲಿಗೆ ನೀರು, ಉಪ್ಪು, ಶುಂಠಿ ಬೆರೆಸುತ್ತೇನೆ, ಥೇಟ್ ಮಜ್ಜಿಗೆ.

ಇನ್ನು ನೋಡಿಕೊಳ್ಳುವ ವಿಷಯ. ಸೌನಾ ಹಾಳಾಗುವುದು ಬಿಸಿಯಿಂದಲ್ಲ, ಒದ್ದೆಯಿಂದ. ಕೊನೆಯವರು ಎದ್ದ ಮೇಲೆ ಹಲಗೆಗಳಿಗೆ ನೀರು ಹೊಯ್ದು ಬೆವರು ತೊಳೆಯಿರಿ, ಬಕೆಟ್ ಖಾಲಿ ಮಾಡಿ ಬೋರಲು ಹಾಕಿ, ನೆಲದ ನೀರು ವೈಪರಿನಲ್ಲಿ ಎಳೆಯಿರಿ. ಒಲೆ ಇನ್ನೊಂದು ಇಪ್ಪತ್ತು ನಿಮಿಷ ಉರಿಯಲಿ, ಗಾಳಿಕಿಂಡಿ ತೆರೆದಿರಲಿ. ಆಗಾಗ ಮೆದು ಬ್ರಶ್, ಸೌಮ್ಯ ಸೋಪಿನಿಂದ ಮರದ ಎಳೆಯ ಜಾಡಿನಲ್ಲೇ ಉಜ್ಜಿ. ವಾರ್ನಿಶ್ ಬೇಡವೇ ಬೇಡ. ಹಲಗೆಗೆಂದೇ ಸಿಗುವ ಪ್ಯಾರಾಫಿನ್ ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಬಚ್ಚಲ ಜಾಲರಿಯ ಕೂದಲನ್ನೂ ತೆಗೆಯಿರಿ.

ಕಲ್ಲುಗಳನ್ನು ಎಲ್ಲರೂ ಮರೆಯುತ್ತಾರೆ. ಕಾದು, ನೀರು ಕುಡಿದು, ಮತ್ತೆ ಕಾದು ಅವು ಪುಡಿಯಾಗುತ್ತವೆ, ಆ ಪುಡಿ ಗಾಳಿಯ ದಾರಿ ಮುಚ್ಚಿ ಕಾಯಿಲ್ ಸುಡುತ್ತದೆ. ವರ್ಷಕ್ಕೊಮ್ಮೆ ಫ್ಯೂಸ್ ಆಫ್ ಮಾಡಿ, ಒಲೆ ಪೂರ್ತಿ ತಣ್ಣಗಾದ ಮೇಲೆ ಎಲ್ಲ ಹೊರಗೆ ತೆಗೆಯಿರಿ. ಕೈಯಲ್ಲಿ ಒತ್ತಿದರೆ ಉದುರುವುದನ್ನು ಎಸೆಯಿರಿ, ಗಟ್ಟಿಯಿರುವುದನ್ನು ತೊಳೆಯಿರಿ. ದೊಡ್ಡವು ಕೆಳಗೆ, ಸಣ್ಣವು ಮೇಲೆ, ಸಡಿಲವಾಗಿ ಜೋಡಿಸಿ. ಕಾಯಿಲ್ ಕಾಣದ ಹಾಗೆ ಮುಚ್ಚಬೇಕು, ಆದರೆ ಅದರ ನಡುವೆ ಕಲ್ಲು ತುರುಕಬಾರದು. ಹೊಳೆದಂಡೆಯ ಕಲ್ಲು ಆರಿಸಿ ತಂದು ಹಾಕಬೇಡಿ, ಕೆಲವು ಸಿಡಿಯುತ್ತವೆ. ಸೌನಾ ಕಲ್ಲು ಅಂತಲೇ ಪೆಟ್ಟಿಗೆಯಲ್ಲಿ ಸಿಗುತ್ತದೆ.

ಬೇಸಿಗೆಯಲ್ಲಿ ಕೆರೆದಂಡೆಯ ಮೊಕ್ಕಿ, ಅಂದರೆ ಮರದ ಮನೆ, ಬಾಡಿಗೆಗೆ ತಗೊಂಡರೆ ಅಲ್ಲಿನ ಸೌನಾದಲ್ಲಿ ಸಾಮಾನ್ಯವಾಗಿ ಇರುವುದು ಕಟ್ಟಿಗೆ ಒಲೆ. ಊರಲ್ಲಿ ಹಂಡೆ ಒಲೆಗೆ ಉರಿ ಹಾಕಿದವರಿಗೆ ಕಷ್ಟವೇನಿಲ್ಲ, ಒಣಗಿದ ಬರ್ಚ್ ಕಟ್ಟಿಗೆ ಚೆನ್ನಾಗಿ ಹತ್ತುತ್ತದೆ. ಒಂದೇ ವ್ಯತ್ಯಾಸ ನೆನಪಿಡಿ. ನಮ್ಮ ಬಚ್ಚಲಿನಲ್ಲಿ ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು, ಇಲ್ಲಿ ಮನೆ ಬಿಗಿ. ಕೆಂಡ ಪೂರ್ತಿ ಆರುವ ಮೊದಲು ಹೊಗೆಕೊಳವೆಯ ತಗಡು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಬೂದಿಯನ್ನು ಮುಚ್ಚಳದ ಕಬ್ಬಿಣದ ಬಕೆಟ್ಟಿಗೆ ಹಾಕಿ ಮನೆಯಿಂದ ದೂರ ಇಡಿ, ಮಾರನೇ ದಿನವೂ ಅದರಲ್ಲಿ ಕೆಂಡ ಇರಬಹುದು.