ಮೂರನೇ ದಿನದ ಪುಸ್ತಕ: ನ್ಯೂಶು ಬರೆದು ಹೊಲಿಯುವ ಬಗೆ

ಚೀನಾದ ಹುನಾನ್ ಪ್ರಾಂತ್ಯದ ಜಿಯಾಂಗ್‌ಯೊಂಗ್ ಸೀಮೆಯಲ್ಲಿ ಹೆಂಗಸರು ಮಾತ್ರ ಬರೆದು ಓದುತ್ತಿದ್ದ ಲಿಪಿ ನ್ಯೂಶು. ಅಕ್ಕತಂಗಿಯರಾಗಿರುತ್ತೇವೆಂದು ಆಣೆಯಿಟ್ಟುಕೊಂಡ ಗೆಳತಿಯರಲ್ಲಿ ಒಬ್ಬಳ ಮದುವೆಯಾದರೆ, ಮೂರನೇ ದಿನ ಅವಳ ಗಂಡನ ಮನೆಗೆ ಬಟ್ಟೆ ಹೊದಿಸಿದ ಪುಸ್ತಕ ಹೋಗುತ್ತಿತ್ತು. ಅದನ್ನು ನಾನು ಮಾಡುವುದು ಹೀಗೆ.

ಮೊದಲು ಲೇಖನಿ. ಕುಂಚದಲ್ಲಿ ಗೆರೆ ಒಂದೆಡೆ ದಪ್ಪ, ಒಂದೆಡೆ ಸಣ್ಣ ಬಂದು ಅಕ್ಷರದ ಚಹರೆ ಕೆಡುತ್ತದೆ; ಬೇಕಾದದ್ದು ಉದ್ದಕ್ಕೂ ಒಂದೇ ಸಮನಾದ ಸಪೂರ ಗೆರೆ. ಮೇದರಲ್ಲಿ ಸಿಗುವ ಬಿದಿರ ಸೀಳು ಸಾಕು. ತುದಿ ಗಟ್ಟಿ ಸಿಪ್ಪೆಯ ಭಾಗದಲ್ಲೇ ಬರುವಂತೆ ಕೆತ್ತಬೇಕು. ಒಳಗಿನ ಮೆದು ಭಾಗ ಶಾಯಿ ಕುಡಿದು ಉಬ್ಬುತ್ತದೆ.

ಅಕ್ಷರ ಓರೆ: ಬಲಮೇಲಿನ ಮೂಲೆ ಎತ್ತರ, ಎಡಕೆಳಗಿನದು ತಗ್ಗು. ಬರವಣಿಗೆ ಮೇಲಿನಿಂದ ಕೆಳಕ್ಕೆ, ಸಾಲುಗಳು ಬಲದಿಂದ ಎಡಕ್ಕೆ. ಕಂಪ್ಯೂಟರಿನಲ್ಲಿ ಟೈಪಿಸಿದರೆ ಎಡದಿಂದ ಅಡ್ಡಕ್ಕೆ ಬರುತ್ತದೆ, ಅದನ್ನೇ ನಕಲು ಮಾಡಬೇಡಿ. ಪದ್ಯದ ಚರಣಕ್ಕೆ ಸಾಮಾನ್ಯವಾಗಿ ಏಳು ಅಕ್ಷರ, ವಿರಾಮಚಿಹ್ನೆ ಇಲ್ಲ. ಏಳೇಳು ಎಣಿಸದಿದ್ದರೆ ಬಿಟ್ಟುಹೋದ ಅಕ್ಷರ ಸಿಗುವುದೇ ಇಲ್ಲ.

ಕಷ್ಟವೆಲ್ಲ ಉಚ್ಚಾರದಲ್ಲಿದೆ. ಒಂದೊಂದು ಅಕ್ಷರವೂ ಆ ಊರಿನ ಆಡುಮಾತಿನ ಒಂದು ಉಲಿ. ಒಂದೇ ಥರ ಕೇಳಿಸುವ ಮಾತುಗಳಿಗೆಲ್ಲ ಅದೇ ಅಕ್ಷರ. ನಮ್ಮ ಹಾಗೆ ಕಾಗುಣಿತವಿಲ್ಲ, ‘ಕ’ ಗೊತ್ತಿದ್ದರೆ ‘ಕಿ’ ಬರುವುದಿಲ್ಲ. 2017ರಲ್ಲಿ ಕಂಪ್ಯೂಟರುಗಳ ಅಕ್ಷರಪಟ್ಟಿಯಾದ ಯೂನಿಕೋಡ್‌ಗೆ ಸೇರಿದ್ದು 396 ಅಕ್ಷರ. ಅಷ್ಟನ್ನೂ ಬಿಡಿಬಿಡಿಯಾಗಿ ಕಲಿಯಬೇಕು. ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ನ ಉಚ್ಚಾರ ನೋಡಿ ಅಕ್ಷರ ಆರಿಸಿದರೆ ನೋಟಕ್ಕೆ ನ್ಯೂಶು, ಓದಿದರೆ ಅರ್ಥವಿಲ್ಲ.

ಏನು ಬರೆಯಬೇಕು? ಅಗಲಿಕೆಯ ಸಂಕಟ, ಮದುಮಗಳ ಗುಣಗಾನ, ಅವಳನ್ನು ತಾಳ್ಮೆಯಿಂದ ನೋಡಿಕೊಳ್ಳಿ ಎಂದು ಅತ್ತೆಮನೆಯವರಲ್ಲಿ ಬೇಡಿಕೆ. ಬೈಗುಳ ಕೂಡದು, ಏಕೆಂದರೆ ಇದನ್ನು ಅಲ್ಲಿನ ಹೆಂಗಸರ ನಡುವೆ ಗಟ್ಟಿಯಾಗಿ ಹಾಡಿ ಓದುತ್ತಿದ್ದರು. ನ್ಯೂಶುವನ್ನು ಹಲವರು ‘ರಹಸ್ಯ ಲಿಪಿ’ ಎನ್ನುವುದು ನನಗೆ ಅತಿಯೆನಿಸುತ್ತದೆ: ಹಾಡು ಗಂಡಸರ ಕಿವಿಗೂ ಬೀಳುತ್ತಿತ್ತು, ಬರಹ ಮಾತ್ರ ತಿಳಿಯುತ್ತಿರಲಿಲ್ಲ. ಹಳೆಯ ಪ್ರತಿಗಳು ಅಪರೂಪವಾದದ್ದು ಬಚ್ಚಿಟ್ಟಿದ್ದರಿಂದಲ್ಲ, ಹೆಚ್ಚಾಗಿ ಒಡತಿ ಸತ್ತಾಗ ಅವಳ ಜೊತೆಗೇ ಸುಟ್ಟಿದ್ದರಿಂದ, ಹೂತದ್ದರಿಂದ.

ತೆಳು ಹಾಳೆಯನ್ನು ನಡುವೆ ಮಡಚಿ, ಮಡಿಕೆ ಹೊರಕ್ಕೆ, ಬಿಡಿ ಅಂಚು ಬೆನ್ನಿಗೆ ಬರುವಂತೆ ಜೋಡಿಸಿ ಹೊಲಿಯುತ್ತೇನೆ. ಶಾಯಿ ಹಿಂದಕ್ಕೆ ಇಳಿದರೂ ಮಡಿಕೆಯೊಳಗೇ ಉಳಿಯುತ್ತದೆ. ಬರಹ ಮೊದಲ ಕೆಲವು ಪುಟಗಳಲ್ಲಷ್ಟೇ. ಮಿಕ್ಕವು ಖಾಲಿ: ಅವಳು ಬರೆದುಕೊಳ್ಳಲಿಕ್ಕೆ, ಕಸೂತಿಯ ದಾರ, ಕಾಗದದ ಮಾದರಿ ಇಟ್ಟುಕೊಳ್ಳಲಿಕ್ಕೆ. ಹಾಗಾಗಿ ಬೆನ್ನಿನ ಹೊಲಿಗೆ ತುಸು ಸಡಿಲ ಬಿಡಿ. ಬಿಗಿದರೆ ದಾರ ಸೇರಿದ ಮೇಲೆ ಪುಸ್ತಕ ಬಾಯಿ ಬಿಟ್ಟುಕೊಳ್ಳುತ್ತದೆ. ರಟ್ಟಿಗೆ ನೀಲಿ ಹತ್ತಿಬಟ್ಟೆ, ಮೈದಾ ಅಂಟು, ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತ. ಅಂಟು ನೀರಾದರೆ ಬಟ್ಟೆಯಿಂದ ಒಸರಿ ಕಲೆ ಬೀಳುತ್ತದೆ; ಬಟ್ಟೆಯ ಹಿಂದೆ ಮೊದಲೇ ತೆಳು ಕಾಗದ ಅಂಟಿಸಿ ಒಣಗಿಸಿಕೊಂಡಿರಿ.